ಬಾಯಿ ಕಟ್ಟಿಸಿಕೊಂಡ ಬೋಧಕರು

ಜರ್ಮನಿ ದೇಶದ ಲುಥೆರನ್ ಬೋಧಕರಾದ ಡೀಟ್ರಿಕ್ ಬೊನ್‌ಹೊಫರ್ ಎಂಬವರು 1906ರಲ್ಲಿ ಬ್ರೆಸ್ಲಾವ್ ಪಟ್ಟಣದಲ್ಲಿ ಹುಟ್ಟಿದರು. 1933ನೆಯ ಜನವರಿ 30ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಎರಡು ದಿವಸಗಳಾದ ಮೇಲೆ ಇವರು ರೇಡಿಯೋದಲ್ಲಿ ಮಾತಾಡಿ, ಜನರು ತನ್ನನ್ನು ಪೂಜಿಸುವಂತೆ ಬಿಡುವ ನಾಯಕನು ಅವರನ್ನು ತಪ್ಪುದಾರಿಗೆ ಎಳೆಯುವನೆಂದು ಎಚ್ಚರಿಸಿದರು. ಭಾಷಣವು ಮುಗಿಯುವ ಮೊದಲೇ ಪ್ರಸಾರವು ನಿಂತುಹೋಯಿತು. ಅದೇ ವರುಷ ಗೊಬೆಲ್ಸನೆಂಬ ಮಂತ್ರಿಯು ವರ್ತಮಾನಪತ್ರ, ಪುಸ್ತಕ, ರೇಡಿಯೋ ಇವೆಲ್ಲವನ್ನು ವಶಮಾಡಿಕೊಂಡನು. ಸರಕಾರವು ಮೆಚ್ಚಿದ ಮಾತೇ ಮನೆಮನೆಗೆ ಮುಟ್ಟಿತು. ಸಭೆಯವರಲ್ಲಿಯೂ ಅನೇಕರು ಅದನ್ನು ನಂಬಿದರು.

ಬೊನ್‌ಹೊಫರರು ನಂಬಲಿಲ್ಲ. ಫಿಂಕೆನ್‌ವಾಲ್ಡೆಯಲ್ಲಿ ಅವರು ಯೌವನಸ್ಥರನ್ನು ಬೋಧಕಸೇವೆಗೆ ಸಿದ್ಧಪಡಿಸುತ್ತಿದ್ದ ಶಾಲೆಯನ್ನು ಗುಪ್ತ ಪೋಲೀಸರು 1937ರಲ್ಲಿ ಮುಚ್ಚಿಸಿದರು. 1940ರಲ್ಲಿ ಅವರು ಬಹಿರಂಗವಾಗಿ ಮಾತಾಡಬಾರದೆಂದೂ 1941ರಲ್ಲಿ ಏನನ್ನೂ ಅಚ್ಚು ಹಾಕಿಸಬಾರದೆಂದೂ ಅಪ್ಪಣೆಯಾಯಿತು. ಹಿಟ್ಲರನನ್ನು ತೊಲಗಿಸಲು ಯತ್ನಿಸಿದವರೊಡನೆ ಸೇರಿದ್ದ ಅವರು 1943ನೆಯ ಏಪ್ರಿಲಿನಲ್ಲಿ ಸೆರೆಯಾದರು. ಬರ್ಲಿನಿನ ಟೇಗೆಲ್ ಸೆರೆಮನೆಯ ಕಾಗದಗಳನ್ನು ಅಧಿಕಾರಿಗಳು ಓದಿದ ಮೇಲೆಯೇ ಹೊರಗೆ ಬಿಡುತ್ತಿದ್ದರು. ಆದರೂ ದಯೆಯುಳ್ಳ ಕಾವಲುಗಾರರು ಕೆಲವನ್ನು ಗುಟ್ಟಾಗಿ ಅವರ ಸ್ನೇಹಿತರಾದ ಬೆತ್ಗೆಯವರಿಗೆ ಮುಟ್ಟಿಸಿದರು.

1945ನೆಯ ಏಪ್ರಿಲ್ 9ರಂದು ಫ್ಲೊಸೆನ್‌ಬ್ಯುರ್ಗಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಒಂದು ತಿಂಗಳೊಳಗೆ ಹಿಟ್ಲರನ ರಾಜ್ಯವೂ ಅಳಿಯಿತು. ಆ ಕಾಗದಗಳಾದರೋ 1951ರಲ್ಲಿ ಪುಸ್ತಕವಾಗಿ ಅಚ್ಚಾಗಿ ದೇಶದೇಶಗಳಿಗೆ ಹೋದವು.

ಪ್ರಿಯ ವಾಚಕರೇ, ಎಲ್ಲೆಲ್ಲಿಯೂ ಒಂದೇ ಧ್ವನಿ ಕೇಳಿಬಂದರೆ ಅದನ್ನು ಸತ್ಯವೆಂದು ಎಣಿಸಬೇಡಿರಿ. ಯಾರ ಬಾಯನ್ನು ಕಟ್ಟಿದ್ದಾರೆಂದು ಮೊದಲು ವಿಚಾರಿಸಿರಿ.