ಹಾಸಿಗೆ ಹಿಡಿದ ಸೈನಿಕ ಕಂಡುಕೊಂಡದ್ದು

ತೊಗರಿ ರಾಶಿ ಮುಗಿದು, ಮಾಲು ಪೇಟೆಗೆ ಹೋಗಿ, ಮನೆಮಂದಿಯೆಲ್ಲ ಮಲಗಿದ ಮೇಲೆ ಅಂದೋಲಾದಂಥ ಊರಿನಲ್ಲಿ ನಾಯಿ ಬೊಗಳುವುದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ತಲೆಯೊಳಗಿನ ಸಂತೆ ನೆರೆಯುವುದು ಆವಾಗಲೇ. ಸಾಲದ ಕಂತು, ಮಗಳ ಮದುವೆ, ಬೆಳಿಗ್ಗೆ ಓಣಿಯಲ್ಲಿ ಯಾರೋ ಅಂದ ಮಾತು, ಅದಕ್ಕೆ ತಾನು ಕೊಡಬೇಕಾಗಿದ್ದ ಉತ್ತರ. ಜಪಸರ ಕೈಗೆತ್ತಿಕೊಂಡರೂ ಮನಸ್ಸು ನಿಲ್ಲುವುದಿಲ್ಲವೆಂದು ಬಲಿಪೂಜೆ ಮುಗಿದ ಮೇಲೆ ಬಂದು ಹೇಳಿಕೊಳ್ಳುವವರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅಂಥವರಿಗೆ ನಾನು ಸಾಮಾನ್ಯವಾಗಿ ಒಬ್ಬ ಸೈನಿಕನ ಕತೆ ಹೇಳುತ್ತೇನೆ. ನಮ್ಮ ಹಿರಿಯರು ಮಕ್ಕಳಿಗೆ ಇನ್ನಾಸಪ್ಪ ಎಂದು ಹೆಸರಿಡುತ್ತಿದ್ದರಲ್ಲ, ಆ ಹೆಸರಿನ ಮೂಲಪುರುಷ ಲೊಯೋಲದ ಸಂತ ಇಗ್ನಾಸಿಯವರ ಕತೆ ಅದು.

ಅವರು ಹುಟ್ಟಿದ್ದು 1491ರಲ್ಲಿ, ಸ್ಪೇನಿನ ಬಾಸ್ಕ್ ನಾಡಿನ ಒಂದು ಕುಲೀನ ಮನೆತನದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ಕತ್ತಿ, ಉಡುಪು, ಹೆಸರು, ಹೆಂಗಸರ ಮೆಚ್ಚುಗೆ, ಇಷ್ಟರಲ್ಲೇ ಯೌವನ ಕಳೆಯಿತು. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫ್ರೆಂಚರ ಫಿರಂಗಿ ಗುಂಡು ಕಾಲಿಗೆ ಬಡಿಯಿತು. ಗೆದ್ದವರೇ ಶುಶ್ರೂಷೆ ಮಾಡಿ ಮನೆಗೆ ಹೊರಿಸಿ ಕಳಿಸಿದರು. ಮುರಿದ ಎಲುಬು ಸರಿಯಾಗಿ ಕೂಡಿರಲಿಲ್ಲ. ಅದನ್ನು ಮತ್ತೆ ಬಿಡಿಸಿ ಕೂರಿಸಬೇಕಾಯಿತು. ಆಮೇಲೂ ಮಂಡಿಯ ಕೆಳಗೆ ಎಲುಬಿನ ತುಣುಕೊಂದು ಉಬ್ಬಿ ನಿಂತಿತು. ಬಿಗಿಯಾದ ಬೂಟು ಹಾಕಿದರೆ ಅದು ವಿಕಾರವಾಗಿ ಕಂಡೀತೆಂದು ಆ ಎಲುಬನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಮತ್ತು ಬರಿಸುವ ಮದ್ದು ಇಲ್ಲದ ಕಾಲ. ಜನ ಏನೆಂದಾರು ಎಂಬ ಒಂದೇ ಯೋಚನೆ ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ ನೋಡಿ.

ಹಾಸಿಗೆ ಹಿಡಿದ ದಿನಗಳಲ್ಲಿ ಓದಲು ವೀರರ ಕತೆಗಳನ್ನು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನದ ಒಂದು ಗ್ರಂಥ, ಸಂತರ ಚರಿತ್ರೆಯ ಇನ್ನೊಂದು, ಅಷ್ಟೇ. ಓದುವುದು, ಪುಸ್ತಕ ಮುಚ್ಚಿ ಯೋಚಿಸುವುದು. ಒಬ್ಬ ಉನ್ನತ ಕುಲದ ಮಹಿಳೆಯ ಮುಂದೆ ತಾನು ಏನೇನು ಸಾಹಸ ಮೆರೆಯಬಹುದೆಂಬ ಕನಸಿನಲ್ಲಿ ಮೂರು ನಾಲ್ಕು ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ. ಆಮೇಲೆ ಇನ್ನೊಂದು ಯೋಚನೆ: ಸಂತ ಫ್ರಾನ್ಸಿಸರು, ಸಂತ ದೊಮಿನಿಕರು ಮಾಡಿದ್ದನ್ನು ತಾನೂ ಮಾಡಿದರೆ ಹೇಗೆ? ಎರಡೂ ಯೋಚನೆಗಳು ಬರುವಾಗ ಸಿಹಿಯೇ. ಆದರೆ ಒಂದು ದಿನ ಅವರ ಗಮನಕ್ಕೆ ಒಂದು ಸಂಗತಿ ಬಂತು. ಮೊದಲ ಕನಸು ಮುಗಿದ ಮೇಲೆ ಮನಸ್ಸು ಒಣಗಿ, ಬೇಸರವಾಗಿ ಉಳಿಯುತ್ತಿತ್ತು. ಎರಡನೆಯದು ಮುಗಿದ ಮೇಲೂ ಉಲ್ಲಾಸ ಹಾಗೇ ಇರುತ್ತಿತ್ತು.

ಇದೇನು ದೊಡ್ಡ ವಿಷಯ ಎನ್ನಿಸಬಹುದು. ಆದರೆ ಅಲ್ಲಿಯವರೆಗೆ ಯೋಚನೆಯ ಬೆನ್ನೇರಿ ಓಡುತ್ತಿದ್ದ ಮನುಷ್ಯ ಆ ದಿನ ಮೊದಲ ಬಾರಿಗೆ ಕೆಳಗಿಳಿದು, ಅದು ಎಲ್ಲಿಂದ ಬಂತು, ಎಲ್ಲಿಗೆ ಒಯ್ದಿತು ಎಂದು ಹೆಜ್ಜೆ ಗುರುತು ನೋಡಿದ. ಸೆಮಿನರಿಯಲ್ಲಿ ನಾವು ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದೆವು. ಮನಸ್ಸಿನ ಬಗ್ಗೆ ಇದಕ್ಕಿಂತ ಉಪಯೋಗದ ಪಾಠ ನನಗೆ ಅಲ್ಲಿ ಸಿಕ್ಕಿದ್ದು ಕಡಿಮೆ.

ಆದರೆ ಈ ಅರಿವು ಬಂದ ಮಾತ್ರಕ್ಕೆ ಮನಸ್ಸು ತಣ್ಣಗಾಯಿತೆಂದು ತಿಳಿಯಬೇಡಿ. 1522ರ ಮಾರ್ಚ್ ತಿಂಗಳಲ್ಲಿ ಮೊಂಟ್ಸೆರಾಟ್ ಪುಣ್ಯಕ್ಷೇತ್ರದಲ್ಲಿ ಮೂರು ದಿನ ಕೂತು ಬಾಳಿನ ಪಾಪಗಳನ್ನೆಲ್ಲ ಬರೆದು ನಿವೇದಿಸಿದರು. ಖಡ್ಗವನ್ನು ದೇವಮಾತೆಯ ಸನ್ನಿಧಿಯಲ್ಲಿ ಬಿಟ್ಟು, ಗೋಣಿಬಟ್ಟೆ ತೊಟ್ಟು, ಮನ್ರೆಸ ಎಂಬ ಊರಿಗೆ ನಡೆದರು. ಅಲ್ಲಿ ಸುರುವಾಯಿತು ನಿಜವಾದ ಕಾಟ. ಹೇಳಿದ ಪಾಪ ಪೂರ್ತಿ ಹೇಳಿದೆನೋ ಇಲ್ಲವೋ? ಮತ್ತೆ ನಿವೇದನೆ, ಮತ್ತೆ ಸಂಶಯ. ತೀರ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದೇನನ್ನೂ ಹೇಳಬೇಡಿ ಎಂದು ಗುರುಗಳು ಅಪ್ಪಣೆ ಮಾಡಿದರೆ, ಅವರಿಗೆ ಎಲ್ಲವೂ ಸ್ಪಷ್ಟವೇ! ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರೂ ಗಾಣ ನಿಲ್ಲಲಿಲ್ಲ. ಪ್ರಾರ್ಥಿಸುತ್ತಿದ್ದ ಕೋಣೆಯಲ್ಲಿದ್ದ ದೊಡ್ಡ ರಂಧ್ರದೊಳಗೆ ಹಾರಿ ಪ್ರಾಣ ಬಿಡುವ ಯೋಚನೆ ಮತ್ತೆ ಮತ್ತೆ ಬಂತು. ಅದೂ ಪಾಪವೆಂಬ ಅರಿವು ಅವರನ್ನು ತಡೆಯಿತು. ಒಂದು ವಾರ ಅನ್ನ ನೀರು ಬಿಟ್ಟರು. ಭಾನುವಾರ ಗುರುಗಳೇ ಗದರಿ ಉಪವಾಸ ಮುರಿಸಿದರು. ಎರಡು ದಿನ ಸಮಾಧಾನ. ಮೂರನೆಯ ದಿನ ಹಳೆಯ ಪಾಪಗಳು ಸರಪಣಿಯಂತೆ ಒಂದರ ಹಿಂದೊಂದು ಎಳೆದುಕೊಂಡು ಬಂದವು.

ಆ ಸರಪಣಿಯ ಕೊನೆಯಲ್ಲಿ, ಈ ಜೀವನವನ್ನೇ ಬಿಟ್ಟುಬಿಡಬೇಕೆಂಬ ಹೇಸಿಗೆ ಹುಟ್ಟಿತು. ಅಲ್ಲಿ ಅವರು ನಿದ್ದೆಯಿಂದ ಎಚ್ಚೆತ್ತಂತಾದರು. ಭಕ್ತಿಯ ವೇಷದಲ್ಲಿ ಬಂದ ಯೋಚನೆ ಭಕ್ತಿಯನ್ನೇ ತೊರೆಯುವ ಕಡೆಗೆ ಒಯ್ಯುತ್ತಿದೆ ಎಂದರೆ ಅದು ದೇವರಿಂದ ಬಂದದ್ದಲ್ಲ. ಹಳೆಯ ಪಾಪಗಳನ್ನು ಇನ್ನು ಎಂದಿಗೂ ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದರು. ಆ ದಿನದಿಂದ ಆ ಕಾಟ ಬಿಟ್ಟಿತು. (ಇಂಥ ಸಂಶಯದ ಸುಳಿ ಗೀಳು ಕಾಯಿಲೆಯ ಒಂದು ರೂಪವೂ ಆಗಿರಬಹುದೆಂದೂ, ಅದಕ್ಕೆ ಚಿಕಿತ್ಸೆ ಉಂಟೆಂದೂ ಇಂದಿನ ವೈದ್ಯರು ಬಲ್ಲರು. ಸಾಯುವ ಯೋಚನೆ ಬರುತ್ತಿದ್ದರೆ ನಿಮ್ಮ ಗುರುಗಳಿಗೂ ಹೇಳಿ, ಡಾಕ್ಟರಿಗೂ ತೋರಿಸಿ. ಇದರಲ್ಲಿ ನಾಚಿಕೆಯ ಮಾತಿಲ್ಲ.)

ನನಗೆ ಅತಿ ಇಷ್ಟವಾದ ಪ್ರಸಂಗ ಇದರ ನಂತರದ್ದು. ಜೆರುಸಲೇಮ್ ಯಾತ್ರೆ ಮುಗಿಸಿ ಬಂದು, 33ರ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಲತೀನ್ ಕಲಿಯಲು ಕೂತರು. ಕ್ರಿಯಾಪದ ಬಾಯಿಪಾಠ ಮಾಡಲು ಹೊರಟರೆ ಸಾಕು, ದೇವರ ವಿಷಯವಾಗಿ ಹೊಸ ಹೊಸ ಹೊಳಹು, ಕಣ್ಣಲ್ಲಿ ನೀರು. ಪಾಠ ತಲೆಗೆ ಹತ್ತದು. ನಾವಾಗಿದ್ದರೆ ಎಂಥ ದೈವಕೃಪೆ ಎಂದು ಹಿಗ್ಗುತ್ತಿದ್ದೆವು. ಅವರು ಲೆಕ್ಕ ಹಾಕಿದರು: ಬಲಿಪೂಜೆಯಲ್ಲಿ, ಪ್ರಾರ್ಥನೆಯಲ್ಲಿ ಇಷ್ಟು ಬಾರದ ಹೊಳಹು ಪಾಠದ ಹೊತ್ತಿಗೇ ಏಕೆ ಬರಬೇಕು? ಕಳ್ಳನ ಗುರುತು ಸಿಕ್ಕಿತು. ಸಾಂತ ಮರಿಯ ದೆಲ್ ಮಾರ್ ದೇವಾಲಯದಲ್ಲಿ ತಮ್ಮ ಶಿಕ್ಷಕರನ್ನು ಕೂರಿಸಿ ಎಲ್ಲ ಹೇಳಿದರು; ಬಾರ್ಸಿಲೋನಾದಲ್ಲಿ ಹೊಟ್ಟೆಗೆ ರೊಟ್ಟಿ ನೀರು ಸಿಗುವವರೆಗೆ, ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಹೊಳಹುಗಳು ಅಲ್ಲಿಗೆ ನಿಂತವು. ಒಳ್ಳೆಯ ಯೋಚನೆಯೂ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಗದ್ದಲವೇ.

ಮುಂದೆ ಪ್ಯಾರಿಸ್ ವಿಶ್ವವಿದ್ಯಾಲಯ. ಅಲ್ಲಿ ಒಂದೇ ಕೋಣೆಯಲ್ಲಿದ್ದ ಪೀಟರ್ ಫಾಬರ್ ಎಂಬ ತರುಣನನ್ನೂ ಅದೇ ಸಂಶಯದ ರೋಗ ಕಾಡುತ್ತಿತ್ತು. ತಾವು ಬಿದ್ದ ಹಳ್ಳದ ಆಳ ಬಲ್ಲ ಇಗ್ನಾಸಿಯವರು ಅವನನ್ನು ನಿಧಾನವಾಗಿ ಮೇಲೆತ್ತಿದರು. ಕೋಣೆಯ ಇನ್ನೊಬ್ಬ ಸಂಗಾತಿ 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರ್. ಈ ಗೆಳೆಯರ ಗುಂಪೇ 1540ರಲ್ಲಿ ಯೇಸುಸಭೆಯಾಗಿ ಮನ್ನಣೆ ಪಡೆಯಿತು.

ಅವರು ಬರೆದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕಕ್ಕೆ 1548ರಲ್ಲಿ ಜಗದ್ಗುರುಗಳ ಒಪ್ಪಿಗೆ ದೊರೆಯಿತು. ಅದರಲ್ಲಿ ಕಿರಾಣಿ ಅಂಗಡಿಯ ಲೆಕ್ಕದಂಥ ಒಂದು ಉಪಾಯವಿದೆ. ನಿಮ್ಮ ಒಂದೇ ಒಂದು ಚಾಳಿಯನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದಾಗ ಅದನ್ನು ನೆನೆಯಿರಿ. ಮಧ್ಯಾಹ್ನ ಊಟವಾದ ಮೇಲೆ, ರಾತ್ರಿ ಊಟವಾದ ಮೇಲೆ ಎಷ್ಟು ಸಲ ಬಿದ್ದಿರೆಂದು ನೆನಪಿಸಿಕೊಂಡು ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಿ. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಡಿ. ನಾಲ್ಕು ಜನರ ನಡುವೆ ಇದ್ದರೂ ಯಾರಿಗೂ ತಿಳಿಯದು. ನಿನ್ನೆಯ ಚುಕ್ಕೆಗೆ ಇಂದಿನದನ್ನು, ಹೋದ ವಾರಕ್ಕೆ ಈ ವಾರವನ್ನು ಹೋಲಿಸಿ. ಚಾಳಿಯ ಜೊತೆ ಜಗಳ ಬೇಡ, ಎಣಿಕೆ ಸಾಕು. ಇನ್ನೊಂದು ಕಡೆ, ಪರಲೋಕ ಮಂತ್ರದ ಒಂದೊಂದೇ ಪದವನ್ನು ಒಂದೊಂದು ಉಸಿರಿಗೆ ಇಟ್ಟು ಪ್ರಾರ್ಥಿಸುವ ಕ್ರಮ ಹೇಳುತ್ತಾರೆ. ನಮ್ಮ ಭಾಗದವರಿಗೆ ಇದೇನು ತೀರ ಹೊರಗಿನದಲ್ಲ. ಇಂಡಿ ತಾಲೂಕಿನ ನಿಂಬಾಳದಲ್ಲಿ 1957ರಲ್ಲಿ ದೇಹ ಬಿಟ್ಟ ಗುರುದೇವ ರಾನಡೆಯವರು, ಪ್ರಯಾಗದಲ್ಲಿ ತತ್ತ್ವಶಾಸ್ತ್ರ ಕಲಿಸಿದ ಪಂಡಿತರಾದರೂ, ಬಾಳೆಲ್ಲ ಆತುಕೊಂಡದ್ದು ನಾಮಸ್ಮರಣೆಯನ್ನೇ.

ಮುಪ್ಪಿನಲ್ಲಿ ರೋಮಿನಲ್ಲಿದ್ದಾಗ ಇಗ್ನಾಸಿಯವರ ಪರೀಕ್ಷೆ ಇನ್ನೊಮ್ಮೆ ನಡೆಯಿತು. ಕೊರಗು ಹತ್ತಿರ ಸುಳಿಯಬಾರದೆಂದು ವೈದ್ಯರು ಹೇಳಿದ್ದರು. ತಮ್ಮನ್ನು ಕೊರಗಿಸುವಂಥದ್ದು ಏನಿದೆ ಎಂದು ಅವರು ಹುಡುಕಿದರು; ಕಟ್ಟಿದ ಸಭೆಯೇ ಕರಗಿಹೋದರೆ ಮಾತ್ರ ಎಂದು ತೋರಿತು. ಹಾಗಾದರೂ ಕಾಲು ಗಂಟೆ ಪ್ರಾರ್ಥನೆಯಲ್ಲಿ ಕೂತರೆ ಸಾಕು ಎಂದುಕೊಂಡರು. ಹೇಳುವುದು ಸುಲಭ. 1555ರ ಮೇ ತಿಂಗಳಲ್ಲಿ, ಅವರೊಡನೆ ಹಿಂದಿನಿಂದಲೂ ಹೊಂದಿಕೆಯಿಲ್ಲದ ಕಾರ್ಡಿನಲ್ ಕರಾಫ ಅವರು ನಾಲ್ಕನೆಯ ಪೌಲ್ ಎಂಬ ಹೆಸರಿನಲ್ಲಿ ಜಗದ್ಗುರುಗಳಾದ ಸುದ್ದಿ ಬಂತು. ಇಗ್ನಾಸಿಯವರ ಮುಖ ಬಣ್ಣಗೆಟ್ಟಿತು, ಎಲುಬೆಲುಬೂ ನಡುಗಿತು. ಏನೂ ಮಾತಾಡದೆ ಎದ್ದು ಪ್ರಾರ್ಥನಾಲಯಕ್ಕೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಹೊರಬಂದಾಗ, ಆ ಆಯ್ಕೆ ತಮ್ಮ ಇಷ್ಟದಂತೆಯೇ ಆದದ್ದೇನೋ ಎಂಬಷ್ಟು ಪ್ರಸನ್ನರಾಗಿದ್ದರು.

ಮರುವರ್ಷದ ಜುಲೈ 30ರಂದು, ಜಗದ್ಗುರುಗಳ ಆಶೀರ್ವಾದ ತರಲು ಹೋಗಬೇಕೆಂದು ತಮ್ಮ ಕಾರ್ಯದರ್ಶಿಯನ್ನು ಕೇಳಿಕೊಂಡರು. ಅಂದು ಸ್ಪೇನಿಗೆ ಹೋಗುವ ಅಂಚೆಯ ಕೆಲಸವಿತ್ತು. ನಾಳೆ ಆಗದೇ ಎಂದು ಆತ ಕೇಳಿದ. ಈ ದಿನವೇ ಆದರೆ ಒಳ್ಳೆಯದು, ನಿಮಗೆ ತೋಚಿದಂತೆ ಮಾಡಿ ಎಂದು ಇಗ್ನಾಸಿಯವರು ಅವನಿಗೇ ಬಿಟ್ಟರು, ಒತ್ತಾಯ ಮಾಡಲಿಲ್ಲ. ಆ ರಾತ್ರಿ ಹತ್ತಿರದಲ್ಲಿ ಮಲಗಿದ್ದ ಶುಶ್ರೂಷಕನಿಗೆ ಮೊದಲು ಅವರು ಹೊರಳಾಡುವ ಸದ್ದು ಕೇಳಿಸುತ್ತಿತ್ತು. ನಡುರಾತ್ರಿಯ ಮೇಲೆ ಆಗಾಗ ದೇವರನ್ನು ಕರೆಯುವ ದನಿಯೊಂದೇ ಕೇಳಿಸಿತು. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು.