ಮಕ್ಕಳ ಮಾತಿಗೆ ಮೊಳೆ ಜೋಡಿಸಿದ ಗುರು

ಪಾಠಶಾಲೆಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ತಾನು ಕಂಡ ಹಕ್ಕಿ, ಸಾಕಿದ ಕರು, ಕೈಯಾರೆ ಮಾಡಿದ ಆಟದ ಬಂಡಿ ಇವುಗಳ ಮೇಲಣ ಪ್ರೀತಿಯನ್ನೂ ಹೊತ್ತು ತರುತ್ತದೆ. ಆ ಪ್ರೀತಿಯನ್ನು ತರಗತಿಯ ಹೊಸ್ತಿಲಾಚೆಗೆ ಇರಿಸಿ ಬರಬೇಕೆಂಬುದು ಬಹುಕಾಲದ ವಾಡಿಕೆಯಾಗಿತ್ತು. ಅದನ್ನು ಒಳಗೆ ಬರಮಾಡಿಕೊಂಡು, ಅದನ್ನೇ ಪಾಠವನ್ನಾಗಿ ಮಾಡಿದ ಮಹನೀಯರಲ್ಲಿ ಫ್ರಾನ್ಸ್ ದೇಶದ ಸೆಲೆಸ್ತಾಂ ಫ್ರೆನೆ ಒಬ್ಬರು.

ಫ್ರೆನೆಯವರು 1896ನೆಯ ಇಸವಿ ಅಕ್ಟೋಬರ್ 15ರಂದು ದಕ್ಷಿಣ ಫ್ರಾನ್ಸಿನ ಗಾರ್ ಎಂಬ ಬೆಟ್ಟದ ಹಳ್ಳಿಯಲ್ಲಿ ಜನಿಸಿದರು. ಅವರದು ರೈತ ಕುಟುಂಬ. ನೀಸ್ ನಗರದಲ್ಲಿ ಉಪಾಧ್ಯಾಯ ಶಿಕ್ಷಣ ಪಡೆಯುತ್ತಿದ್ದಾಗಲೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ತರುಣ ಫ್ರೆನೆ ಸೈನ್ಯಕ್ಕೆ ಹೋಗಬೇಕಾಯಿತು. 1917ರಲ್ಲಿ ರಣರಂಗದಲ್ಲಿ ಅವರ ಶ್ವಾಸಕೋಶಕ್ಕೆ ತೀವ್ರವಾದ ಗಾಯವಾಯಿತು. ಪ್ರಾಣ ಉಳಿಯಿತು; ಆದರೆ ದೀರ್ಘಕಾಲ ಮಾತನಾಡುವ ಶಕ್ತಿ ಉಳಿಯಲಿಲ್ಲ.

1920ರಲ್ಲಿ ಅವರು ಬಾರ್-ಸ್ಯೂರ್-ಲೂ ಎಂಬ ಹಳ್ಳಿಯ ಶಾಲೆಗೆ ಉಪಾಧ್ಯಾಯರಾಗಿ ಬಂದರು. ಕೆಲಹೊತ್ತು ಪಾಠ ಹೇಳುವಷ್ಟರಲ್ಲಿಯೇ ಉಸಿರು ಕಟ್ಟುತ್ತಿತ್ತು. ಮಾತೇ ಬಂಡವಾಳವಾಗಿರುವ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಕಷ್ಟವುಂಟೆ? ಫ್ರೆನೆ ಎದೆಗುಂದಲಿಲ್ಲ. ಮಕ್ಕಳನ್ನು ಹೊಲಗದ್ದೆಗಳಿಗೂ ಕುಶಲಕರ್ಮಿಗಳ ಬಳಿಗೂ ಕರೆದೊಯ್ದರು. ತಾವು ಮೌನವಾಗಿದ್ದು, ಅವರು ಆಡುವ ಮಾತಿಗೆ ಕಿವಿಗೊಟ್ಟರು.

ಒಂದು ದಿನ ಮಕ್ಕಳು ಬಸವನಹುಳುಗಳನ್ನು ತಂದು ತರಗತಿಯಲ್ಲಿ ಓಟದ ಪಂದ್ಯ ಹೂಡಿದರು. ಇನ್ನೊಬ್ಬ ಉಪಾಧ್ಯಾಯರಾಗಿದ್ದರೆ ಗದರಿಸುತ್ತಿದ್ದರೇನೋ! ಫ್ರೆನೆ ಆ ಪಂದ್ಯದ ಕಥೆಯನ್ನೇ ಕರಿಹಲಗೆಯ ಮೇಲೆ ಬರೆದರು. ಪಠ್ಯಪುಸ್ತಕ ಕಂಡರೆ ಆಕಳಿಸುತ್ತಿದ್ದ ಮಕ್ಕಳು ಅದನ್ನು ಕಣ್ಣರಳಿಸಿ ಓದಿದರು. ಆದರೆ ಹಲಗೆಯನ್ನು ಒರೆಸಿದೊಡನೆ ಎಲ್ಲವೂ ಮಾಯವಾಗುವುದಲ್ಲ ಎಂದು ಗುರುವಿಗೆ ಚಿಂತೆಯಾಯಿತು.

ಅದಕ್ಕೆ ಅವರು ಕಂಡುಕೊಂಡ ಉಪಾಯವೇ ಅಚ್ಚಿನ ಯಂತ್ರ. 1924ರಲ್ಲಿ ಕೈಯಿಂದ ನಡೆಸುವ ಚಿಕ್ಕ ಯಂತ್ರವೊಂದು ತರಗತಿಗೆ ಬಂದಿತು. ಮಗು ತನಗೆ ಪ್ರಿಯವಾದ ವಿಷಯವನ್ನು ಬರೆದು ಎಲ್ಲರೆದುರು ಓದುವುದು, ಅಚ್ಚಿಗೆ ಯೋಗ್ಯವಾದ ಬರಹವನ್ನು ತರಗತಿಯೇ ಮತ ನೀಡಿ ಆರಿಸುವುದು, ಎಲ್ಲರೂ ಕೂಡಿ ಅದನ್ನು ತಿದ್ದುವುದು, ಬಳಿಕ ಒಂದೊಂದೇ ಮೊಳೆ ಜೋಡಿಸಿ ಅಚ್ಚು ಹಾಕುವುದು, ಇದು ಅಲ್ಲಿಯ ಕ್ರಮ. ಮೊಳೆ ತಪ್ಪಿದರೆ ಹಾಳೆಯೇ ತಪ್ಪಾಗುತ್ತಿದ್ದುದರಿಂದ ಕಾಗುಣಿತದಲ್ಲಿ ಶ್ರದ್ಧೆ ತಾನಾಗಿಯೇ ಬೆಳೆಯಿತು. 1926ರಿಂದ ಈ ಹಾಳೆಗಳು ದೂರದ ಬ್ರಿಟನಿ ಪ್ರಾಂತದ ಕಡಲತೀರದ ಶಾಲೆಯೊಂದಕ್ಕೆ ಅಂಚೆಯಲ್ಲಿ ಹೋಗತೊಡಗಿದವು. ಬೆಟ್ಟದ ಮಕ್ಕಳೂ ಕಡಲಿನ ಮಕ್ಕಳೂ ಹೀಗೆ ಪರಸ್ಪರ ಗುರುಗಳಾದರು.

ಈ ದಾರಿ ಸುಗಮವಾಗಿರಲಿಲ್ಲ. ಮುಂದೆ ಸೇಂಟ್ ಪಾಲ್ ಎಂಬ ಊರಿನಲ್ಲಿದ್ದಾಗ ಮಗುವೊಂದು ಊರಿನ ಮೇಯರನ ವಿರುದ್ಧ ತಾವು ದಂಗೆಯೆದ್ದಂತೆ ಕಂಡ ಕನಸನ್ನು ಬರೆಯಿತು. ಅದು ಅಚ್ಚಾಯಿತು. 1932ರಲ್ಲಿ ವಿರೋಧಿಗಳು ಅದನ್ನೇ ಹಿಡಿದು ಗೋಡೆಗಳ ಮೇಲೆ ಭಿತ್ತಿಪತ್ರ ಹಚ್ಚಿ ಗದ್ದಲವೆಬ್ಬಿಸಿದರು. ಮರುವರ್ಷ ಫ್ರೆನೆ ಆ ಶಾಲೆಯನ್ನು ಬಿಡಬೇಕಾಯಿತು. ಆದರೂ ಅವರು ತಮ್ಮ ಪದ್ಧತಿಯನ್ನು ಬಿಡಲಿಲ್ಲ. ಪತ್ನಿ ಎಲೀಸ್ ಅವರೊಡನೆ ವಾನ್ಸ್ ಎಂಬಲ್ಲಿ ಸ್ವಂತ ಶಾಲೆ ಕಟ್ಟಿ 1935ರಲ್ಲಿ ತೆರೆದರು. ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ನೆಲೆ ಕಳೆದುಕೊಂಡ ಮಕ್ಕಳಿಗೆ ಅಲ್ಲಿ ಆಶ್ರಯವಿತ್ತರು. 1940ರಲ್ಲಿ ಸರ್ಕಾರ ಅವರನ್ನು ಬಂಧನ ಶಿಬಿರದಲ್ಲಿರಿಸಿತು. ಬಿಡುಗಡೆಯಾದ ಮೇಲೆ ಮತ್ತೆ ಅದೇ ಕಾರ್ಯದಲ್ಲಿ ತೊಡಗಿ, ಅನೇಕ ದೇಶಗಳ ಉಪಾಧ್ಯಾಯರಿಗೆ ಮಾರ್ಗದರ್ಶಕರಾದರು. 1966ರ ಅಕ್ಟೋಬರ್ 8ರಂದು ವಾನ್ಸ್‌ನಲ್ಲಿ ನಿಧನರಾದರು.

ಮಗುವಿಗೆ ಹೇಳಲು ಅವಕಾಶವಿತ್ತರೆ ಸಾಲದು, ಕೇಳುವವರೂ ಬೇಕು ಎಂಬುದನ್ನು ಫ್ರೆನೆ ಅರಿತಿದ್ದರು. ತನ್ನ ಮೆಚ್ಚಿನ ವಿಷಯವನ್ನು ನುಡಿಯುವ ಮಗು ಗೆಳೆಯನ ಮೆಚ್ಚಿನ ವಿಷಯಕ್ಕೂ ಕಿವಿಗೊಡಬೇಕಾಗಿತ್ತು. ಯುದ್ಧ ಒಬ್ಬ ಗುರುವಿನ ಕಂಠವನ್ನು ಕುಗ್ಗಿಸಿತು. ಆ ಗುರು ನೂರಾರು ಮಕ್ಕಳ ಕಂಠಕ್ಕೆ ಎಡೆ ಮಾಡಿಕೊಟ್ಟರು.