ಹಲ್ಲಿನೊಳಗೊಂದು ಚಕ್ರವ್ಯೂಹ

ಡೈನೋಸಾರ್ ಅನ್ನೋ ಪದ ಕೇಳದವರು ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇರಲಿಕ್ಕಿಲ್ಲ. 1842ರಲ್ಲಿ ಆ ಹೆಸರು ಕೊಟ್ಟವನು ರಿಚರ್ಡ್ ಓವೆನ್. ಆದರೆ ನಾನು ಹೇಳಹೊರಟಿರೋದು ಅದಕ್ಕೂ ಒಂದು ವರ್ಷ ಮೊದಲು ಅವನು ಕೊಟ್ಟ, ಈಗ ಹೆಚ್ಚುಕಮ್ಮಿ ಮರೆತೇ ಹೋಗಿರೋ ಇನ್ನೊಂದು ಹೆಸರಿನ ಕಥೆ.

ಓವೆನ್ ಹುಟ್ಟಿದ್ದು 1804ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ. ಹದಿಹರೆಯದಲ್ಲೇ ಸರ್ಜನ್ ಕೈಕೆಳಗೆ ಕೆಲಸಕ್ಕೆ ಸೇರಿ, ಊರಿನ ಜೈಲಿನಲ್ಲಿ ಸತ್ತ ಕೈದಿಗಳ ಹೆಣ ಕೊಯ್ಯೋದನ್ನ ಕಲಿತ. ಡಾಕ್ಟರಿಕೆಗಿಂತ ಕೊಯ್ಯೋದೇ ಹೆಚ್ಚು ಹಿಡಿಸಿತು ಅಂತ ಕಾಣುತ್ತೆ. 1827ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಮ್ಯೂಸಿಯಂ ಸೇರಿದ. ಜಾನ್ ಹಂಟರ್ ಬಿಟ್ಟುಹೋಗಿದ್ದ ಸಾವಿರಾರು ಸ್ಪೆಸಿಮನ್‌ಗಳಿಗೆ ಕ್ಯಾಟಲಾಗ್ ಬರೆಯೋ ಕೆಲಸ. ಕೇಳೋಕೆ ಬೋರ್ ಅನ್ಸಬಹುದು, ಆದರೆ ಅವನ ಕಣ್ಣು ಪಳಗಿದ್ದು ಅಲ್ಲೇ. 1839ರಲ್ಲಿ ನ್ಯೂಜಿಲೆಂಡಿನಿಂದ ಬಂದ ಒಂದೇ ಒಂದು ಮೂಳೆ ಚೂರು ನೋಡಿ, ಅಲ್ಲಿ ಆಸ್ಟ್ರಿಚ್‌ನಂಥ ದೈತ್ಯ ಹಕ್ಕಿ ಇತ್ತು ಅಂದ. ಕೆಲವೇ ವರ್ಷಗಳಲ್ಲಿ ಮೋವಾ ಹಕ್ಕಿಯ ಮೂಳೆಗಳು ಪೆಟ್ಟಿಗೆಗಟ್ಟಲೆ ಬಂದು ಅವನ ಮಾತು ನಿಜವಾಯ್ತು.

ಆಗ ಅವನಿಗೆ ಹಿಡಿದಿದ್ದು ಹಲ್ಲಿನ ಹುಚ್ಚು. ನಾವು ಮೆಟಲರ್ಜಿ ಲ್ಯಾಬಲ್ಲಿ ಸ್ಯಾಂಪಲ್ ಕತ್ತರಿಸಿ, ಉಜ್ಜಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಡಿ ಇಡ್ತೀವಲ್ಲ, ಅವನೂ ಹಲ್ಲುಗಳನ್ನ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ನೋಡ್ತಿದ್ದ. ವಾರ್ವಿಕ್ ಕಡೆಯ ಮರಳುಗಲ್ಲಿನಲ್ಲಿ ಸಿಕ್ಕ ಪಳೆಯುಳಿಕೆ ಹಲ್ಲುಗಳನ್ನೂ, ಜರ್ಮನಿಯ ಒಂದು ಹಲ್ಲನ್ನೂ ಹೀಗೆ ನೋಡಿದಾಗ ಎರಡರಲ್ಲೂ ಒಂದೇ ವಿಚಿತ್ರ: ಹೊರಗಿನ ಪದರ ಒಳಕ್ಕೆ ಮಡಚಿಕೊಂಡು, ಸುತ್ತಿ ಬಳಸಿ, ನಡುವಿನವರೆಗೂ ಹೋಗಿತ್ತು. ಥೇಟ್ ಚಕ್ರವ್ಯೂಹ. 1841ರಲ್ಲಿ ಅದರ ಯಜಮಾನನಿಗೆ ಲ್ಯಾಬಿರಿಂಥೊಡಾನ್ ಅಂತ ಹೆಸರಿಟ್ಟ. ಸರೀಸೃಪ ಅಂದುಕೊಂಡಿದ್ದ ಪ್ರಾಣಿ ಕಪ್ಪೆಗಳ ಕಡೆಯ ಉಭಯವಾಸಿ ಅಂತಲೂ ವಾದಿಸಿದ. ಅದು ಸರಿಯಾಗಿಯೇ ಇತ್ತು.

ಎಡವಟ್ಟು ಎರಡು ಕಡೆ ಆಯ್ತು. ಆ ಜರ್ಮನ್ ಪ್ರಾಣಿಗೆ ಯೇಗರ್ ಅನ್ನುವವನು 1828ರಲ್ಲೇ ಮ್ಯಾಸ್ಟೊಡಾನ್‌ಸಾರಸ್ ಅಂತ ಹೆಸರಿಟ್ಟಾಗಿತ್ತು. ಹೆಸರಲ್ಲಿ ಹಲ್ಲಿ ಇದೆ, ಇದು ಹಲ್ಲಿ ಅಲ್ಲ, ಹಾಗಾಗಿ ಹಳೇ ಹೆಸರು ಬೇಡ ಅನ್ನೋದು ಓವೆನ್ ವಾದ. ಹೆಸರಿಡೋ ಶಾಸ್ತ್ರದಲ್ಲಿ ಮೊದಲು ಬಂದವನಿಗೇ ಸೀಟು, ಹಾಗಾಗಿ ಉಳಿದಿದ್ದು ಯೇಗರ್ ಇಟ್ಟ ಹೆಸರೇ. ಬೇರೆಯವರ ಕೆಲಸದ ಮೇಲೆ ತನ್ನ ಮೊಹರು ಒತ್ತೋ ಈ ಚಾಳಿಯಿಂದಲೇ ಓವೆನ್‌ಗೆ ಶತ್ರುಗಳು ಜಾಸ್ತಿ. ಗಿಡಿಯನ್ ಮ್ಯಾಂಟೆಲ್ ಜೊತೆ ಜಗಳ, ಆಮೇಲೆ ಹಕ್ಸ್‌ಲಿ ಜೊತೆ, ಡಾರ್ವಿನ್ ಜೊತೆ.

ಎರಡನೇದು ಹೆಜ್ಜೆಗುರುತಿನದು. ಅದೇ ಕಾಲದ ಬಂಡೆಗಳಲ್ಲಿ ಮನುಷ್ಯನ ಅಂಗೈಯಂಥ ಗುರುತುಗಳು ಸಿಗುತ್ತಿದ್ದವು. ಅವು ಲ್ಯಾಬಿರಿಂಥೊಡಾನ್‌ದೇ ಇರಬೇಕು ಅಂದ ಓವೆನ್. ಆದರೆ ಹೆಬ್ಬೆರಳಿನಂಥದ್ದು ಹೊರಗಡೆಗೆ ಇತ್ತು! ಹೆಬ್ಬೆರಳು ಒಳಗಡೆಗೇ ಇರಬೇಕಲ್ಲ? ಆ ಕಾಲದ ಚಿತ್ರದಲ್ಲಿ ಪಾಪದ ದೈತ್ಯ ಕಪ್ಪೆ ಕಾಲಿಗೆ ಕಾಲು ಅಡ್ಡ ಹಾಕ್ಕೊಂಡು ನಡೆಯೋ ಹಾಗಾಯ್ತು. ಅದು ಹೆಬ್ಬೆರಳಲ್ಲ, ಕಿರುಬೆರಳು. ಗುರುತುಗಳು ಮೊಸಳೆಗಳ ಹತ್ತಿರದ ನೆಂಟರವು ಅಂತ ಜರ್ಮನಿಯ ಸೋರ್ಗೆಲ್ ತೋರಿಸಿದ್ದು 1925ರಲ್ಲಿ.

ಇಷ್ಟಾದರೂ ಆ ಹಲ್ಲಿನ ಗುರುತು ಗಟ್ಟಿ ಅಂತಲೇ ಎಲ್ಲರೂ ನಂಬಿದ್ದರು. ನಾಗಪುರದ ದಕ್ಷಿಣಕ್ಕಿರುವ ಮಂಗಳಿಯಲ್ಲಿ ಸಿಕ್ಕ ತಲೆಬುರುಡೆಯೊಂದು ಲಂಡನ್ ತಲುಪಿದಾಗ, ಓವೆನ್ ಅದಕ್ಕೆ ಬ್ರ್ಯಾಕಿಯಾಪ್ಸ್ ಅಂತ ಹೆಸರಿಟ್ಟು ಇದೇ ಗುಂಪಿಗೆ ಸೇರಿಸಿದ. 1860ರ ಹೊತ್ತಿಗೆ ಲ್ಯಾಬಿರಿಂಥೊಡಾಂಶಿಯ ಅನ್ನೋ ಇಡೀ ಗಣವೇ ಆಯ್ತು. ನೂರು ವರ್ಷಕ್ಕೂ ಮಿಕ್ಕಿ ಪಠ್ಯಪುಸ್ತಕಗಳಲ್ಲಿ ಅದು ನಿಂತಿತ್ತು.

ಬಿದ್ದದ್ದು ಮೀನಿನಿಂದ. ಸುಮಾರು 38 ಕೋಟಿ ವರ್ಷ ಹಿಂದಿನ ಯೂಸ್ಥೆನಾಪ್ಟೆರಾನ್ ಅನ್ನೋ ಮೀನಿನ ಹಲ್ಲಲ್ಲೂ ಅದೇ ಚಕ್ರವ್ಯೂಹ! ಅಂದರೆ ಅದು ಈ ಉಭಯವಾಸಿಗಳು ತಾವೇ ಗಳಿಸಿದ್ದಲ್ಲ, ಮೀನಜ್ಜನಿಂದ ಬಂದ ಪಿತ್ರಾರ್ಜಿತ ಆಸ್ತಿ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಬೇಸ್ ಕ್ಲಾಸ್‌ನಿಂದ ಬಂದ ಫಂಕ್ಷನ್ ಎಲ್ಲ ಡಿರೈವ್ಡ್ ಕ್ಲಾಸ್‌ಗಳಿಗೂ ಸಿಗುತ್ತೆ. ಅದೊಂದನ್ನೇ ನೋಡಿ ಇವಿಷ್ಟೇ ಒಂದು ಮನೆ ಅನ್ನೋಕಾಗಲ್ಲ. ಓವೆನ್ ಒಟ್ಟಿಗೆ ಕಟ್ಟಿದ್ದ ಗುಂಪು ಚದುರಿತು. ಮ್ಯಾಸ್ಟೊಡಾನ್‌ಸಾರಸ್, ಬ್ರ್ಯಾಕಿಯಾಪ್ಸ್ ಈಗ ಟೆಮ್ನೊಸ್ಪಾಂಡಿಲಿಗೆ ಸೇರಿವೆ. ಇನ್ನು ಕೆಲವು ಸರೀಸೃಪಗಳ ಹತ್ತಿರದವು ಅಂತ ಹಲವರ ಅಭಿಪ್ರಾಯ. ಬೇಲಿ ಅಂತ ಓವೆನ್ ಹಾಕಿದ್ದ ಗುರುತೇ ಮೀನಿಗೂ ನಾಲ್ಕು ಕಾಲಿನವಕ್ಕೂ ಇರೋ ನೆಂಟಸ್ತಿಕೆಗೆ ಸಾಕ್ಷಿಯಾಗಿದ್ದು ತಮಾಷೆ. ಒಂದೇ ಮೂಲದ ಅಂಗ ಯಾವುದು, ಬರೀ ಒಂದೇ ಕೆಲಸ ಮಾಡೋ ಅಂಗ ಯಾವುದು ಅಂತ 1843ರಲ್ಲೇ ಬಿಡಿಸಿ ಹೇಳಿದವನು ಇವನೇ ಬೇರೆ.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಾಗಿ ವರ್ಷಗಟ್ಟಲೆ ಹೋರಾಡಿ, 1881ರಲ್ಲಿ ಅದು ತೆರೆದದ್ದನ್ನ ಓವೆನ್ ನೋಡಿದ. 1892ರಲ್ಲಿ ತೀರಿಕೊಂಡ. ಅಲ್ಲಿನ ದೊಡ್ಡ ಮೆಟ್ಟಿಲ ಮೇಲಿದ್ದ ಅವನ ಪ್ರತಿಮೆಯನ್ನ ಆಮೇಲೆ ತೆಗೆದು ಆ ಜಾಗಕ್ಕೆ ಡಾರ್ವಿನ್‌ನ ಪ್ರತಿಮೆ ತಂದರು. ಅವನ ಸಲಹೆಯಂತೆ ವಾಟರ್‌ಹೌಸ್ ಹಾಕಿನ್ಸ್ 1854ರಲ್ಲಿ ಮಾಡಿದ ಕಪ್ಪೆಮೈಯ ಲ್ಯಾಬಿರಿಂಥೊಡಾನ್‌ಗಳು ಮಾತ್ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ ಇನ್ನೂ ನೀರಿನ ದಂಡೆಯಲ್ಲೇ ಕೂತಿವೆ.